ಹೊಣೆ ಹೊರುವವನೇ ಹಿರಿಯ

ನಾಯಕನೆಂದರೆ ಯಾರು? ಈ ಪ್ರಶ್ನೆ ಕಿವಿಗೆ ಬಿದ್ದೊಡನೆ ನಮ್ಮ ಕಣ್ಣ ಮುಂದೆ ಸುಳಿಯುವುದು ಎತ್ತರದ ವೇದಿಕೆ, ಹೂವಿನ ಹಾರ, ಧ್ವನಿವರ್ಧಕ, ನೆರೆದ ಜನಸಮೂಹ. ನಾಯಕತ್ವವೆಂಬುದು ಎಲ್ಲೋ ದೆಹಲಿಯಲ್ಲಿ ಇರತಕ್ಕ ವಸ್ತು, ಅದಕ್ಕೂ ನಮ್ಮಂಥ ಗೃಹಸ್ಥರಿಗೂ ಏನು ಸಂಬಂಧ ಎಂದು ನಾವು ಸುಮ್ಮನಾಗುತ್ತೇವೆ. ಆದರೆ ಕ್ಷಣಕಾಲ ಯೋಚಿಸಿದರೆ, ನಾಯಕತ್ವದ ಭಾರವಿಲ್ಲದ ಮನುಷ್ಯನೇ ಇಲ್ಲವೆಂಬುದು ತಿಳಿಯುತ್ತದೆ. ಮನೆಯ ಯಜಮಾನ ನಾಲ್ಕು ಜನರಿಗೆ ನಾಯಕ. ಹಬ್ಬದ ದಿನ ಮಡಿಯುಟ್ಟು ಅಡುಗೆಮನೆಯ ಆಡಳಿತ ವಹಿಸಿಕೊಂಡ ತಾಯಿ ಆ ದಿನದ ಮಟ್ಟಿಗೆ ನಾಯಕಿ. ತರಗತಿಯಲ್ಲಿ ಉಪಾಧ್ಯಾಯ, ಕಚೇರಿಯಲ್ಲಿ ಮೇಲ್ವಿಚಾರಕ, ತಮ್ಮತಂಗಿಯರನ್ನು ಕೈಹಿಡಿದು ಶಾಲೆಗೆ ಕರೆದೊಯ್ಯುವ ಹಿರಿಯ ಮಗ, ಇವರೆಲ್ಲರೂ ತಮ್ಮ ತಮ್ಮ ಪರಿಮಿತಿಯಲ್ಲಿ ನಾಯಕರೇ.

ರಾಷ್ಟ್ರನಾಯಕರ ಚರಿತ್ರೆಗಳನ್ನು ಓದುವಾಗ ಅವರ ವಾಗ್ಮಿತೆ, ಪಾಂಡಿತ್ಯ, ಧೈರ್ಯ, ದೂರದೃಷ್ಟಿಗಳನ್ನು ಕಂಡು ನಾವು ಬೆರಗಾಗುತ್ತೇವೆ. ಈ ಗುಣಗಳು ಶ್ಲಾಘ್ಯವೇ ಸರಿ. ಆದರೆ ಅವು ಎಲ್ಲರಿಗೂ ಸಮನಾಗಿ ಬರುವಂಥವಲ್ಲ. ಸಾವಿರ ಜನರನ್ನು ಮಾತಿನಿಂದ ಹಿಡಿದು ನಿಲ್ಲಿಸುವ ಶಕ್ತಿ ಎಲ್ಲರಿಗೂ ಹುಟ್ಟಿನಿಂದ ಬರುವುದಿಲ್ಲ. ಹಾಗಾದರೆ ಸಾಮಾನ್ಯನಾದವನು ಅವರಿಂದ ಕಲಿಯತಕ್ಕದ್ದೇನಾದರೂ ಉಂಟೆ? ಉಂಟು. ಅವರಲ್ಲಿ ಉತ್ತಮರೆನಿಸಿದವರಲ್ಲಿ ಒಂದು ಗುಣವಿತ್ತು; ಅದಕ್ಕೆ ವಿದ್ಯೆ ಬೇಡ, ಹಣ ಬೇಡ, ಅಧಿಕಾರ ಬೇಡ. ತಪ್ಪು ನಡೆದಾಗ ‘ಇದರ ಹೊಣೆ ನನ್ನದು’ ಎನ್ನುವುದೇ ಆ ಗುಣ. ಹೇಳಲು ಇಷ್ಟು ಸುಲಭವಾದ ಈ ಮಾತು ಬಾಯಿಂದ ಹೊರಡುವುದು ಎಷ್ಟು ಕಷ್ಟವೆಂಬುದನ್ನು ನಾನು ಸ್ವಾನುಭವದಿಂದಲೇ ಬಲ್ಲೆ.

ಸುಮಾರು ನಲವತ್ತು ವರ್ಷಗಳ ಹಿಂದಿನ ಸಂಗತಿ. ನಮ್ಮ ಊರಿನ ಗುಡಿಯಲ್ಲಿ ಶ್ರೀ ರಾಯರ ಆರಾಧನೆ. ಮಧ್ಯಾರಾಧನೆಯ ದಿನ ಊಟಕ್ಕೆ ಬರುವವರ ಎಣಿಕೆ ಮಾಡಿ ಅಡುಗೆಯವರಿಗೆ ತಿಳಿಸುವ ಕೆಲಸವನ್ನು ತರುಣನಾಗಿದ್ದ ನನಗೆ ಒಪ್ಪಿಸಿದ್ದರು. ಪಕ್ಕದ ಊರಿನಿಂದ ಒಂದು ಬಸ್ಸಿನ ತುಂಬ ಭಕ್ತರು ಬರುತ್ತಾರೆಂಬ ಸುದ್ದಿ ಹಿಂದಿನ ಸಂಜೆಯೇ ನನ್ನ ಕಿವಿಗೆ ಬಿದ್ದಿತ್ತು. ಓಡಾಟದ ಗಡಿಬಿಡಿಯಲ್ಲಿ ಅದನ್ನು ಅಡುಗೆಮನೆಗೆ ಹೇಳಲು ಮರೆತೆ. ಮರುದಿನ ಮೂರನೆಯ ಪಂಕ್ತಿಗೆ ಎಲೆ ಹಾಕಿ, ಉಪ್ಪು, ಕೋಸಂಬರಿ, ಪಲ್ಯಗಳನ್ನು ಬಡಿಸಿಯಾಗಿತ್ತು, ಅನ್ನ ಮುಗಿದುಹೋಗಿತ್ತು. ವೃದ್ಧರು, ಮಕ್ಕಳು ಪರಿಷೇಚನೆಗೆ ಕಾದು ಕುಳಿತಿದ್ದರು. ಒಳಗೆ ಧಾವಿಸಿ ಬಂದ ಧರ್ಮದರ್ಶಿಗಳು, “ಏನಾಯಿತು?” ಎಂದು ಕೇಳಿದರು. ನನ್ನ ಬಾಯಿಂದ ಹೊರಟ ಮಾತು, “ಅಡುಗೆಯವರು ಅಳತೆ ತಪ್ಪಿದರು.” ಅಡುಗೆಯ ಭಟ್ಟರು ವಯಸ್ಸಾದವರು. ಒಲೆಯ ಬಳಿ ನಿಂತಿದ್ದ ಅವರು ನನ್ನ ಮುಖವನ್ನು ಒಮ್ಮೆ ನೋಡಿದರು; ಒಂದು ಮಾತನ್ನೂ ಆಡಲಿಲ್ಲ.

ಧರ್ಮದರ್ಶಿಗಳು ಯಾರನ್ನೂ ಗದರಲಿಲ್ಲ. ನೇರವಾಗಿ ಪಂಕ್ತಿಯ ನಡುವೆ ಹೋಗಿ ಕೈಮುಗಿದು ನಿಂತು, “ವ್ಯವಸ್ಥೆ ನನ್ನದು, ಲೋಪವೂ ನನ್ನದು. ಅರ್ಧ ಗಂಟೆ ಅವಕಾಶ ಕೊಟ್ಟು ಕ್ಷಮಿಸಬೇಕು” ಎಂದರು. ಆಮೇಲೆ ಒಳಗೆ ಬಂದು ತಾವೇ ಸೌದೆ ಎತ್ತಿ ಒಲೆಗಿಟ್ಟರು. ಅಂದು ಎಲ್ಲರ ಊಟವಾದ ಮೇಲೆ, ಹೊತ್ತು ಇಳಿದಮೇಲೆ, ಅವರು ಎಲೆಯ ಮುಂದೆ ಕುಳಿತರು. ಪಂಕ್ತಿಯಲ್ಲಿ ಒಬ್ಬರೂ ಗೊಣಗಲಿಲ್ಲ. ಆ ದಿನದಿಂದ ಒಂದು ಪ್ರಶ್ನೆ ನನ್ನ ಮನಸ್ಸಿನಲ್ಲಿ ಉಳಿಯಿತು. ತಪ್ಪು ಮಾಡಿದವನು ನಾನು, ಹೊತ್ತವರು ಅವರು. ತನ್ನ ಕೈಯಿಂದ ಆಗದ ತಪ್ಪಿಗೆ ಮನುಷ್ಯನು ಹೊಣೆಯಾಗುವುದು ಹೇಗೆ? ಹಾಗೆ ಹೊರುವುದು ಧರ್ಮವೆ, ಅಥವಾ ಕೇವಲ ಔದಾರ್ಯವೆ? ಈ ಪ್ರಶ್ನೆಗೆ ನಮ್ಮ ದೇಶದ ಕೆಲವು ಹಿರಿಯರ ಬಾಳಿನಲ್ಲಿ ಉತ್ತರವನ್ನು ಹುಡುಕಬಹುದು.

ತನ್ನದೇ ನುಡಿಯ ತಪ್ಪು

ಮೊದಲು ಸುಲಭವೆಂದು ಕಾಣುವ ತಪ್ಪನ್ನು ತೆಗೆದುಕೊಳ್ಳೋಣ: ತಾನೇ ಆಡಿದ ಮಾತು, ತಾನೇ ಮಾಡಿದ ಕಾರ್ಯ. ಇದನ್ನು ಒಪ್ಪಿಕೊಳ್ಳಲು ಏನು ಕಷ್ಟ ಎನ್ನಬಹುದು. ಕಷ್ಟವೆಷ್ಟೆಂಬುದನ್ನು ಗೋಪಾಲಕೃಷ್ಣ ಗೋಖಲೆಯವರ ಬಾಳು ಹೇಳುತ್ತದೆ.

೧೮೯೭ರಲ್ಲಿ ಪುಣೆಯಲ್ಲಿ ಪ್ಲೇಗು ಹಬ್ಬಿತ್ತು. ರೋಗಿಗಳನ್ನು ಹುಡುಕುವ ನೆಪದಲ್ಲಿ ಸಿಪಾಯಿಗಳು ಮನೆಮನೆಗೆ ನುಗ್ಗುತ್ತಿದ್ದರು; ದೇವರ ಮನೆ, ಅಡುಗೆಯ ಮನೆ ಎಂಬ ಭೇದವಿರಲಿಲ್ಲ; ಜನ ಬಹಳವಾಗಿ ನೊಂದಿದ್ದರು. ಆಗ ಮೂವತ್ತೊಂದು ವರ್ಷದ ಗೋಖಲೆಯವರು ವೆಲ್ಬಿ ಆಯೋಗದ ಮುಂದೆ ಸಾಕ್ಷ್ಯ ನುಡಿಯಲು ಇಂಗ್ಲೆಂಡಿಗೆ ಹೋಗಿದ್ದರು. ಪುಣೆಯ ಪರಿಚಿತರಿಂದ ಅವರಿಗೆ ಪತ್ರಗಳು ಬಂದವು. ಸಿಪಾಯಿಗಳು ಸ್ತ್ರೀಯರ ಮಾನಭಂಗ ಮಾಡಿದರೆಂಬ ಘೋರ ಆಪಾದನೆ ಅವುಗಳಲ್ಲಿತ್ತು. ಬರೆದವರ ಮೇಲಿನ ವಿಶ್ವಾಸದಿಂದ ಗೋಖಲೆಯವರು ಅದನ್ನು ಅಲ್ಲಿಯ ಪತ್ರಿಕೆಯಲ್ಲಿ ಬಹಿರಂಗಪಡಿಸಿದರು. ಸರ್ಕಾರ ನಿರಾಕರಿಸಿತು, ರುಜುವಾತು ಕೇಳಿತು. ಸ್ವದೇಶಕ್ಕೆ ಮರಳಿ ಅವರು ಸಾಕ್ಷ್ಯಕ್ಕಾಗಿ ವಿಚಾರಿಸಿದಾಗ, ಬರೆದವರು ತಮ್ಮ ಹೆಸರು ಹೊರಗೆ ಬರುವುದಕ್ಕೆ ಒಪ್ಪಲಿಲ್ಲ.

ಅವರ ಮುಂದೆ ಆಗ ಹಲವು ದಾರಿಗಳಿದ್ದವು. ಪತ್ರ ಬರೆದವರ ಹೆಸರು ಹೇಳಿ ತಾನು ಪಾರಾಗಬಹುದಿತ್ತು. ಮೌನವಾಗಿದ್ದು ಕಾಲ ಕಳೆಯಬಹುದಿತ್ತು. ಜನರ ರೋಷದ ಬೆಂಬಲವನ್ನು ಪಡೆದು ವೀರನೆನಿಸಿಕೊಳ್ಳಬಹುದಿತ್ತು. ಅವರು ಈ ಯಾವ ದಾರಿಯನ್ನೂ ಹಿಡಿಯದೆ, ರುಜುವಾತುಪಡಿಸಲಾಗದ ಮಾತನ್ನು ಆಡಿದ್ದಕ್ಕಾಗಿ ನಿಶ್ಶರತವಾಗಿ ಕ್ಷಮೆ ಯಾಚಿಸಿ ಪ್ರಕಟಿಸಿದರು. ಪುಣೆಯ ಜನರ ಸಂಕಟ ಸುಳ್ಳೆಂದು ಅವರು ಹೇಳಲಿಲ್ಲ. ಆಧಾರವಿಲ್ಲದೆ ತಾವು ನುಡಿದದ್ದು ತಪ್ಪೆಂದರು. ಫಲವೇನಾಯಿತು? ಆಳುವವರಿಗೆ ಅವರು ಸುಳ್ಳುಗಾರರಾದರು, ಸ್ವಜನರಿಗೆ ಹೇಡಿಯಾದರು. ಆ ಅಪಕೀರ್ತಿಯನ್ನು ಅವರು ಮೌನವಾಗಿ ಸಹಿಸಿದರು. ಮುಂದೆ ಅದೇ ವ್ಯಕ್ತಿ ೧೯೦೫ರಲ್ಲಿ ಭಾರತ ಸೇವಕ ಸಮಾಜವನ್ನು ಸ್ಥಾಪಿಸಿದರು, ಅದೇ ವರ್ಷ ಕಾಶಿಯ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾದರು. ಗಾಂಧೀಜಿಯವರು ಅವರನ್ನು ತಮ್ಮ ರಾಜಕೀಯ ಗುರುವೆಂದು ಕರೆದರು. ವಿಧಾನಮಂಡಲದಲ್ಲಿ ಅವರು ಆಯವ್ಯಯದ ಮೇಲೆ ಮಾತನಾಡಲು ಎದ್ದುನಿಂತರೆ ಸರ್ಕಾರದ ಸದಸ್ಯರೂ ಗಮನವಿಟ್ಟು ಕೇಳುತ್ತಿದ್ದರು. ತನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬಲ್ಲವನ ಮಾತಿಗೆ ತೂಕ ಹೆಚ್ಚು.

ನಮ್ಮ ಮನೆಗಳಲ್ಲಿ ಇಂಥ ಸಂದರ್ಭಗಳು ಎಷ್ಟು ಬರುತ್ತವೆ! ಯಾರೋ ಹೇಳಿದ್ದನ್ನು ನಂಬಿ ಬಂಧುಗಳೊಬ್ಬರ ಮೇಲೆ ಒಂದು ಮಾತು ಆಡಿಬಿಡುತ್ತೇವೆ. ಮದುವೆಯ ಮನೆಯಲ್ಲಿ ಅದು ನಾಲ್ಕು ಬಾಯಿಗೆ ಹರಡುತ್ತದೆ. ಮಾತು ಸುಳ್ಳೆಂದು ತಿಳಿದಮೇಲೆ ನಾವು ಮಾಡುವುದೇನು? “ನಾನೇನು ಕಂಡೆನೆ? ಅವರು ಹೇಳಿದರು, ನಾನು ಹೇಳಿದೆ” ಎಂದು ಕೈತೊಳೆದುಕೊಳ್ಳುತ್ತೇವೆ. ಎರಡು ಮನೆಗಳ ನಡುವೆ ಹೋಗುಬರುವುದು ನಿಂತುಹೋಗುತ್ತದೆ. ಒಂದು ಸಂಜೆ ಹೋಗಿ, “ವಿಚಾರಿಸದೆ ಆಡಿದೆ, ತಪ್ಪಾಯಿತು” ಎಂದರೆ ಮುಗಿಯುವ ಸಂಗತಿ ಎರಡು ತಲೆಮಾರು ಉಳಿಯುತ್ತದೆ.

ಹಿಂಬಾಲಿಸಿದವರ ತಪ್ಪು

ಎರಡನೆಯದು ಇನ್ನೂ ಸೂಕ್ಷ್ಮವಾದದ್ದು. ತಪ್ಪು ಮಾಡಿದವರು ಬೇರೆ. ಆದರೆ ಅವರು ನಮ್ಮ ಮಾತು ಕೇಳುವವರು, ನಮ್ಮ ಆಶ್ರಯದಲ್ಲಿರುವವರು. ಆಗ ಹೊಣೆ ಯಾರದು?

ಮಹಾತ್ಮಾ ಗಾಂಧಿಯವರ ಜೀವನದಲ್ಲಿ ಇದಕ್ಕೆ ಒಂದು ಸಣ್ಣ, ಒಂದು ದೊಡ್ಡ ನಿದರ್ಶನಗಳಿವೆ. ಸಣ್ಣದು ದಕ್ಷಿಣ ಆಫ್ರಿಕದ ನೆಟಾಲಿನ ಫೀನಿಕ್ಸ್ ಆಶ್ರಮದಲ್ಲಿ ನಡೆದದ್ದು. ೧೯೧೩ರ ಸುಮಾರಿಗೆ ಆಶ್ರಮವಾಸಿಗಳಿಬ್ಬರು ನೀತಿ ತಪ್ಪಿ ನಡೆದ ಸುದ್ದಿ ಜೋಹಾನ್ಸ್‌ಬರ್ಗಿನಲ್ಲಿದ್ದ ಗಾಂಧೀಜಿಗೆ ತಲುಪಿತು. ಅವರು ಕೂಡಲೆ ರೈಲು ಹತ್ತಿ ಹೊರಟರು. ದಾರಿಯಲ್ಲಿ ಯೋಚಿಸುತ್ತ, ಆಶ್ರಿತರ ಪತನದಲ್ಲಿ ಪೋಷಕನಿಗೂ ಗುರುವಿಗೂ ಒಂದಷ್ಟು ಪಾಲಿದೆಯೆಂಬ ನಿಶ್ಚಯಕ್ಕೆ ಬಂದರು. ಏಳು ದಿನ ಉಪವಾಸ, ಅನಂತರ ನಾಲ್ಕೂವರೆ ತಿಂಗಳು ದಿನಕ್ಕೆ ಒಂದೇ ಊಟ, ಇದು ಅವರು ತಮಗೆ ತಾವೇ ವಿಧಿಸಿಕೊಂಡ ಪ್ರಾಯಶ್ಚಿತ್ತ. ಆ ಸಂಕಲ್ಪ ಮಾಡಿದೊಡನೆ ತಪ್ಪಿತಸ್ಥರ ಮೇಲಿನ ಕೋಪ ಇಳಿದು ಕರುಣೆ ಮೂಡಿತೆಂದು ಅವರೇ ಬರೆದಿದ್ದಾರೆ. ಶಿಷ್ಯ ತಪ್ಪಿದಾಗಲೆಲ್ಲ ಗುರು ಉಪವಾಸ ಮಾಡಬೇಕೆಂದು ಇದರ ಅರ್ಥವಲ್ಲವೆಂದೂ, ನಿಜವಾದ ಪ್ರೀತಿಯಿಲ್ಲದ ಕಡೆ ಇಂಥ ಉಪವಾಸ ಸಲ್ಲದೆಂದೂ ಅವರು ಎಚ್ಚರಿಸಿದ್ದಾರೆ. ಮುಖ್ಯವಾದದ್ದು ಉಪವಾಸವಲ್ಲ; ‘ಇದರಲ್ಲಿ ನನ್ನ ಪಾಲೆಷ್ಟು?’ ಎಂಬ ಪ್ರಶ್ನೆಯನ್ನು ಮೊದಲು ಕೇಳಿಕೊಂಡದ್ದು.

ದೊಡ್ಡ ನಿದರ್ಶನ ಚೌರಿಚೌರದ್ದು. ೧೯೨೨ರ ಫೆಬ್ರವರಿ ೪ರಂದು ಗೋರಖಪುರ ಜಿಲ್ಲೆಯ ಆ ಊರಿನಲ್ಲಿ ಉದ್ರಿಕ್ತ ಜನ ಪೊಲೀಸು ಠಾಣೆಗೆ ಬೆಂಕಿ ಹಚ್ಚಿದರು. ಇಪ್ಪತ್ತಕ್ಕೂ ಹೆಚ್ಚು ಮಂದಿ ಪೊಲೀಸರು ಹತರಾದರು. ಅಸಹಕಾರ ಚಳುವಳಿ ಆಗ ಉತ್ಕರ್ಷದಲ್ಲಿತ್ತು. ಬಾರ್ಡೋಲಿಯಲ್ಲಿ ಕರನಿರಾಕರಣೆಗೆ ಸಿದ್ಧತೆ ನಡೆದಿತ್ತು. ಚೌರಿಚೌರ ಬಾರ್ಡೋಲಿಯಿಂದ ಎಷ್ಟು ದೂರ! ಗಾಂಧೀಜಿ ಆ ಜನರನ್ನು ಕಂಡವರಲ್ಲ. ಹಿಂಸೆ ಮಾಡಿರೆಂದು ಹೇಳಿದವರಂತೂ ಅಲ್ಲವೇ ಅಲ್ಲ. ಆದರೂ ಅವರು ಚಳುವಳಿಯನ್ನು ನಿಲ್ಲಿಸಿದರು. ಐದು ದಿನ ಉಪವಾಸ ಕೈಗೊಂಡರು. ಸೆರೆಮನೆಯಲ್ಲಿದ್ದ ಮೋತಿಲಾಲ ನೆಹರೂ, ಲಾಲಾ ಲಜಪತರಾಯ್ ಮೊದಲಾದವರು ಈ ನಿರ್ಣಯದಿಂದ ತೀವ್ರವಾಗಿ ಅಸಮಾಧಾನಗೊಂಡರು. ಎಲ್ಲೋ ಒಂದು ಹಳ್ಳಿಯ ತಪ್ಪಿಗೆ ದೇಶವೇಕೆ ದಂಡ ತೆರಬೇಕೆಂಬುದು ಅವರ ವಾದ. ಆ ವಾದವನ್ನು ಅಲ್ಲಗಳೆಯುವುದು ಸುಲಭವಲ್ಲ. ಇಂದಿಗೂ ಚರಿತ್ರಕಾರರಲ್ಲಿ ಈ ಕುರಿತು ಭಿನ್ನಾಭಿಪ್ರಾಯವುಂಟು. ಆದರೆ ಗಾಂಧೀಜಿಯ ನಿಲುವು ಸ್ಪಷ್ಟವಾಗಿತ್ತು. ಜನರನ್ನು ಬೀದಿಗೆ ಕರೆದವನು ತಾನು. ಅವರಿಗೆ ಸಂಯಮವನ್ನು ಕಲಿಸುವ ಮುನ್ನವೇ ಕರೆದದ್ದು ತನ್ನ ತಪ್ಪು.

ಅದೇ ಮಾರ್ಚ್ ೧೮ರಂದು ಅಹಮದಾಬಾದಿನಲ್ಲಿ ನ್ಯಾಯಾಧೀಶ ಬ್ರೂಮ್‌ಫೀಲ್ಡರ ಮುಂದೆ ರಾಜದ್ರೋಹದ ವಿಚಾರಣೆ ನಡೆಯಿತು. ಆರೋಪವಿದ್ದದ್ದು ಅವರ ಲೇಖನಗಳ ಮೇಲೆ. ಚೌರಿಚೌರದಿಂದ ತಾವು ದೂರವೆಂದು ಹೇಳಿಕೊಳ್ಳಲು ಅವರಿಗೆ ಪೂರ್ಣ ಅವಕಾಶವಿತ್ತು. ಆದರೆ ಅವರು ಆ ದುಷ್ಕೃತ್ಯಗಳಿಂದ ತಮ್ಮನ್ನು ಬೇರ್ಪಡಿಸಿಕೊಳ್ಳುವುದು ಸಾಧ್ಯವಿಲ್ಲವೆಂದೂ, ತಾವು ಬೆಂಕಿಯೊಡನೆ ಆಟವಾಡುತ್ತಿದ್ದುದು ತಮಗೆ ತಿಳಿದಿತ್ತೆಂದೂ ನುಡಿದು, ಕಾನೂನಿನ ಅತ್ಯಂತ ಕಠಿನ ಶಿಕ್ಷೆಯನ್ನೇ ಕೇಳಿದರು. ಆರು ವರ್ಷದ ಸೆರೆಯಾಯಿತು. ಶಿಕ್ಷೆ ವಿಧಿಸಿದ ನ್ಯಾಯಾಧೀಶರೇ, ಮುಂದೆ ಸರ್ಕಾರ ಅದನ್ನು ಕಡಿಮೆ ಮಾಡಿದರೆ ತಮ್ಮಷ್ಟು ಸಂತೋಷಪಡುವವರು ಬೇರೆ ಇರಲಾರರೆಂದರು.

ಇಲ್ಲಿ ನಾವು ಗಮನಿಸತಕ್ಕ ಸಂಗತಿ ಒಂದುಂಟು. ಮಗ ಪರೀಕ್ಷೆಯಲ್ಲಿ ನಕಲು ಮಾಡಿ ಸಿಕ್ಕಿಬಿದ್ದನೆನ್ನಿ. “ನಮ್ಮ ವಂಶದಲ್ಲೇ ಇಂಥವನು ಹುಟ್ಟಿರಲಿಲ್ಲ” ಎಂದು ತಂದೆ ಗರ್ಜಿಸುತ್ತಾನೆ. ಗೆದ್ದಾಗ ‘ನನ್ನ ಮಗ’, ಸೋತಾಗ ‘ನಿನ್ನ ಮಗ’ ಎಂದು ಹೆಂಡತಿಯ ಕಡೆಗೆ ತಿರುಗುವುದೂ ಉಂಟು. ಆದರೆ ಅಂಕ ಕಡಿಮೆಯಾದರೆ ಮನೆಯೊಳಗೆ ಕಾಲಿಡಬೇಡವೆಂದು ಬೆದರಿಸಿದವರು ಯಾರು? ಪಕ್ಕದ ಮನೆಯ ಹುಡುಗನೊಡನೆ ದಿನವೂ ಹೋಲಿಸಿ ಹಂಗಿಸಿದವರು ಯಾರು? ಹುಡುಗನ ತಪ್ಪು ಹುಡುಗನದೇ. ಆದರೆ ಆ ತಪ್ಪಿಗೆ ನೆಲ ಹದಮಾಡಿದ ಕೈ ನಮ್ಮದಾಗಿರಬಹುದಲ್ಲವೆ? ಈ ಪ್ರಶ್ನೆಯನ್ನು ಮೊದಲು ತನಗೆ ಹಾಕಿಕೊಂಡ ತಂದೆ ಮಗನೊಡನೆ ಆಡುವ ಮಾತಿನ ರೀತಿಯೇ ಬದಲಾಗುತ್ತದೆ.

ತನ್ನ ಕೈಯಿಲ್ಲದ ತಪ್ಪು

ಮೂರನೆಯದು ಅತ್ಯಂತ ಕಠಿನವಾದ ಪ್ರಶ್ನೆ. ತಾನು ಮಾಡಲಿಲ್ಲ, ತನ್ನ ಮಾತು ಕೇಳಿ ಯಾರೂ ಮಾಡಲಿಲ್ಲ. ಮಳೆ ಬಂತು, ಹೊಳೆ ಉಕ್ಕಿತು, ಸೇತುವೆ ಕುಸಿಯಿತು. ಇದಕ್ಕೂ ಹೊಣೆಗಾರರುಂಟೆ?

೧೯೫೬ರಲ್ಲಿ ಲಾಲ್ ಬಹಾದುರ್ ಶಾಸ್ತ್ರಿಯವರು ಕೇಂದ್ರದಲ್ಲಿ ರೈಲ್ವೆ ಸಚಿವರಾಗಿದ್ದರು. ಆ ವರ್ಷದ ಸೆಪ್ಟೆಂಬರಿನಲ್ಲಿ ಮಹಬೂಬನಗರದ ಬಳಿ ಸೇತುವೆ ಕುಸಿದು ರೈಲು ಉರುಳಿ ನೂರಕ್ಕೂ ಹೆಚ್ಚು ಜನ ಮಡಿದರು. ಶಾಸ್ತ್ರಿಯವರು ರಾಜೀನಾಮೆ ಕೊಟ್ಟರು. ಪ್ರಧಾನಿ ನೆಹರೂ ಸ್ವೀಕರಿಸಲಿಲ್ಲ. ಮೂರು ತಿಂಗಳು ತುಂಬುವುದರೊಳಗೆ, ನವೆಂಬರ್ ೨೩ರಂದು, ತಮಿಳುನಾಡಿನ ಅರಿಯಲೂರಿನ ಬಳಿ ಪ್ರವಾಹಕ್ಕೆ ಸಿಕ್ಕಿದ ಸೇತುವೆ ಮುರಿದು, ಮದರಾಸಿನಿಂದ ತೂತುಕುಡಿಗೆ ಹೊರಟಿದ್ದ ರೈಲು ಹೊಳೆಗೆ ಬಿತ್ತು. ಮತ್ತೆ ನೂರನ್ನು ಮೀರಿದ ಸಾವು. ಈ ಸಲ ಶಾಸ್ತ್ರಿಯವರು ರಾಜೀನಾಮೆಯನ್ನು ಒಪ್ಪಲೇಬೇಕೆಂದು ಒತ್ತಾಯಿಸಿದರು. ಸಂಸತ್ತಿನ ಅನೇಕ ಸದಸ್ಯರು ಅವರು ಮುಂದುವರಿಯಬೇಕೆಂದು ಕೋರಿದರು. ನೆಹರೂ ಕೊನೆಗೆ ಸ್ವೀಕರಿಸಿದರು. ಸ್ವೀಕರಿಸುವಾಗ, ಈ ದುರಂತಕ್ಕೆ ಶಾಸ್ತ್ರಿಯವರು ಕಾರಣರೆಂದು ತಾವು ಒಪ್ಪುತ್ತಿಲ್ಲ, ಸಾಂವಿಧಾನಿಕ ಔಚಿತ್ಯಕ್ಕೆ ಒಂದು ಮಾದರಿಯಾಗಲೆಂದು ಒಪ್ಪುತ್ತಿದ್ದೇನೆ ಎಂಬ ಅರ್ಥದ ಮಾತುಗಳನ್ನು ಹೇಳಿದರು.

ಅಲ್ಪ ಎತ್ತರದ, ಮೆಲುದನಿಯ ಆ ಮನುಷ್ಯ ರೈಲನ್ನು ನಡೆಸಿದವರಲ್ಲ, ಸೇತುವೆ ಕಟ್ಟಿದವರಲ್ಲ, ಮಳೆ ತರಿಸಿದವರಲ್ಲ. ಹಾಗಾದರೆ ಅವರು ಹೊತ್ತ ಹೊಣೆ ಯಾವುದು? ಇಲ್ಲಿ ಅಪರಾಧ, ಹೊಣೆ ಎಂಬ ಎರಡು ಮಾತುಗಳ ಅಂತರವನ್ನು ತಿಳಿಯಬೇಕು. ಅಪರಾಧವು ಮಾಡಿದವನಿಗೆ ಸೇರಿದ್ದು. ಹೊಣೆಯು ವಹಿಸಿಕೊಂಡವನಿಗೆ ಸೇರಿದ್ದು. ಟಿಕೆಟು ಕೊಂಡು ರೈಲು ಹತ್ತುವ ತಾಯಿ, ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು ತಾನೂ ನಿದ್ರಿಸುತ್ತಾಳೆ. ಅವಳಿಗೆ ಸೇತುವೆಯ ಕಂಬಗಳ ಸುದ್ದಿ ತಿಳಿಯದು. ಯಾರೋ ನೋಡಿಕೊಳ್ಳುತ್ತಾರೆಂಬ ನಂಬಿಕೆಯೊಂದೇ ಅವಳದು. ಆ ‘ಯಾರೋ’ ಎಂಬವನು ಎಲ್ಲಿಯಾದರೂ ಇರಲೇಬೇಕಲ್ಲ! ಅವಳ ಮನೆಯವರು ಅಳುತ್ತ ಬಂದು ಕೇಳಿದಾಗ, ಇಂಜಿನಿಯರು ಮಳೆಯನ್ನೂ, ಮೇಲಧಿಕಾರಿ ಇಂಜಿನಿಯರನ್ನೂ, ಸಚಿವ ಮೇಲಧಿಕಾರಿಯನ್ನೂ ತೋರಿಸಿದರೆ, ಅಷ್ಟು ದೊಡ್ಡ ಇಲಾಖೆಯಲ್ಲಿ ಉತ್ತರ ಕೊಡುವ ಒಂದು ಮುಖವೂ ಇರುವುದಿಲ್ಲ. ಶಾಸ್ತ್ರಿಯವರು ಆ ಮುಖವಾಗಿ ಬಂದು ನಿಂತರು. ಪಂಕ್ತಿಯ ನಡುವೆ ಕೈಮುಗಿದು ನಿಂತ ನಮ್ಮ ಧರ್ಮದರ್ಶಿಗಳು ಮಾಡಿದ್ದೂ ಇದನ್ನೇ. ಹಸಿದು ಕುಳಿತ ಜನರಿಗೆ ಎಣಿಕೆ ಯಾರು ತಪ್ಪಿದರೆಂಬ ವಿಚಾರಣೆ ಬೇಕಾಗಿರಲಿಲ್ಲ. ಉತ್ತರ ಕೊಡುವವರು ಬೇಕಾಗಿತ್ತು. ಆದ್ದರಿಂದ ಅದು ಬರಿಯ ಔದಾರ್ಯವಲ್ಲ. ವಹಿಸಿಕೊಂಡ ಸ್ಥಾನದ ಧರ್ಮವೇ ಅದು.

ಮೂರು ಆಕ್ಷೇಪಗಳು

ಇದಕ್ಕೆ ಆಕ್ಷೇಪಗಳು ಇಲ್ಲದಿಲ್ಲ. ಮೊದಲನೆಯದು: ಹಿರಿಯನೇ ಎಲ್ಲವನ್ನೂ ತಲೆಯ ಮೇಲೆ ಹೊತ್ತರೆ ನಿಜವಾದ ತಪ್ಪಿತಸ್ಥ ತಪ್ಪಿಸಿಕೊಳ್ಳುವುದಿಲ್ಲವೆ? ತಪ್ಪಿಸಿಕೊಳ್ಳಬಾರದು. ಗಾಂಧೀಜಿ ಚೌರಿಚೌರದ ಹೊಣೆ ಹೊತ್ತರೆಂದು ಕೊಲೆಗಾರರನ್ನು ಮರೆಮಾಡಲಿಲ್ಲ; ತಪ್ಪು ಮಾಡಿದವರು ತಾವಾಗಿಯೇ ಮುಂದೆ ಬಂದು ಒಪ್ಪಿಸಿಕೊಳ್ಳಬೇಕೆಂದು ಬರೆದರು. ಹೊಣೆ ಹೊರುವುದೆಂದರೆ ಲೋಪವನ್ನು ಮುಚ್ಚುವುದಲ್ಲ. ಹೊರಗಿನವರಿಗೆ ‘ನನ್ನದು’ ಎಂದವನು ಒಳಗೆ ಬಂದು ಲೋಪದ ಮೂಲವನ್ನು ಹುಡುಕಿ ಸರಿಪಡಿಸಬೇಕು. ಇಲ್ಲವಾದರೆ ಅದು ಬರಿಯ ನಾಟಕ.

ಎರಡನೆಯದು: ಪದವಿ ಬಿಟ್ಟರೆ ಸೇತುವೆ ನಿಲ್ಲುತ್ತದೆಯೆ? ನಿಲ್ಲುವುದಿಲ್ಲ. ಪದತ್ಯಾಗವೇ ಹೊಣೆಯ ಏಕೈಕ ರೂಪವೂ ಅಲ್ಲ. ಕೆಲವೊಮ್ಮೆ ಬಿಟ್ಟುಹೋಗುವುದು ಸುಲಭ, ನಿಂತು ಸರಿಪಡಿಸುವುದು ಕಷ್ಟ. ಮನೆಯ ಯಜಮಾನನಿಗಂತೂ ರಾಜೀನಾಮೆಯ ಅವಕಾಶವೇ ಇಲ್ಲ! ಶಾಸ್ತ್ರಿಯವರ ಕ್ರಮದಲ್ಲಿದ್ದ ಸಾರವೆಂದರೆ, ತಮ್ಮ ಸ್ಥಾನಕ್ಕಿಂತ ಜನರ ನಂಬಿಕೆ ದೊಡ್ಡದೆಂದು ಅವರು ಎಣಿಸಿದ್ದು. ಜನ ಅದನ್ನು ಮರೆಯಲಿಲ್ಲ. ೧೯೫೭ರ ಚುನಾವಣೆಯ ನಂತರ ಅವರು ಮತ್ತೆ ಸಚಿವರಾದರು; ೧೯೬೪ರಲ್ಲಿ ಪ್ರಧಾನಿಯಾದರು. ೧೯೬೫ರ ಅನ್ನಾಭಾವದಲ್ಲಿ, ವಾರಕ್ಕೆ ಒಂದು ಹೊತ್ತಿನ ಊಟ ಬಿಡಿರೆಂದು ಅವರು ಕೇಳಿದಾಗ ಅಸಂಖ್ಯ ಮನೆಗಳು ಒಲೆ ಹಚ್ಚದೆ ಆ ಮಾತನ್ನು ನಡೆಸಿಕೊಟ್ಟವು. ತನ್ನ ಭಾರವನ್ನು ತಾನು ಹೊತ್ತವನು ಕೇಳಿದರೆ ಜನ ಕೊಡುತ್ತಾರೆ.

ಮೂರನೆಯ ಆಕ್ಷೇಪ ನಮ್ಮ ಆಸ್ತಿಕ ಮನೆಗಳಲ್ಲೇ ಕೇಳಿಬರುವಂಥದು: “ಸರ್ವವನ್ನೂ ಮಾಡಿಸುವವನು ಶ್ರೀಹರಿ. ಹೀಗಿರುವಾಗ ನನ್ನ ಹೊಣೆ ಎಲ್ಲಿಂದ ಬಂತು?” ಶ್ರೀಮದಾಚಾರ್ಯರ ಸಿದ್ಧಾಂತದಲ್ಲಿ ಜೀವನ ಕರ್ತೃತ್ವ ಪರಾಧೀನವೇ ಹೊರತು ಮಿಥ್ಯೆಯಲ್ಲ. ಹಾಗಲ್ಲದಿದ್ದರೆ ಶಾಸ್ತ್ರದ ವಿಧಿನಿಷೇಧಗಳಿಗೆ ಅರ್ಥವೇ ಇರುತ್ತಿರಲಿಲ್ಲ. ಇದಿರಲಿ, ನಮ್ಮ ವ್ಯವಹಾರವನ್ನೇ ನೋಡೋಣ. ಕೆಲಸ ಕೆಟ್ಟಾಗ ‘ದೈವೇಚ್ಛೆ’ ಎನ್ನುವ ನಾವು, ಕೆಲಸ ಕೈಗೂಡಿದಾಗ ‘ನನ್ನ ಬುದ್ಧಿವಂತಿಕೆ’ ಎನ್ನುತ್ತೇವೆ. ದೇವರ ಸ್ವಾತಂತ್ರ್ಯ ನಮಗೆ ನೆನಪಾಗುವುದು ಸೋತಾಗ ಮಾತ್ರ! ಇದು ಭಕ್ತಿಯಲ್ಲ, ಸಿದ್ಧಾಂತವನ್ನು ತಲೆಕೆಳಗು ಮಾಡಿ ಹಿಡಿದದ್ದು.

ಕೀರ್ತಿಯನ್ನು ಹಂಚುವುದು

ಹೊಣೆಯನ್ನು ತನ್ನ ಕಡೆಗೆ ಎಳೆದುಕೊಳ್ಳುವವನ ಇನ್ನೊಂದು ಲಕ್ಷಣವೆಂದರೆ ಕೀರ್ತಿಯನ್ನು ಬೇರೆಯವರ ಕಡೆಗೆ ತಳ್ಳುವುದು. ಇದಕ್ಕೆ ಡಾ. ಅಂಬೇಡ್ಕರರ ನಿದರ್ಶನ ಸ್ಮರಣೀಯ. ಸಂವಿಧಾನದ ಕರಡು ಸಮಿತಿಯಲ್ಲಿ ಏಳು ಮಂದಿ ಸದಸ್ಯರಿದ್ದರು. ಒಬ್ಬರು ರಾಜೀನಾಮೆ ಕೊಟ್ಟರು, ಒಬ್ಬರು ತೀರಿಕೊಂಡರು, ಒಬ್ಬರು ಅಮೆರಿಕದಲ್ಲಿದ್ದರು, ಮತ್ತೊಬ್ಬರು ರಾಜ್ಯದ ಕಾರ್ಯಗಳಲ್ಲಿ ಮುಳುಗಿದ್ದರು, ಇನ್ನು ಕೆಲವರು ಅನಾರೋಗ್ಯದಿಂದ ದೆಹಲಿಯಿಂದ ದೂರವಿದ್ದರು. ಕೊನೆಗೆ ಭಾರವೆಲ್ಲ ಅಂಬೇಡ್ಕರರ ಮೇಲೆ ಬಿತ್ತೆಂದು ಟಿ. ಟಿ. ಕೃಷ್ಣಮಾಚಾರಿಯವರು ೧೯೪೮ರ ನವೆಂಬರಿನಲ್ಲಿ ಸಂವಿಧಾನ ಸಭೆಯಲ್ಲೇ ಹೇಳಿದರು. ಆದರೆ ೧೯೪೯ರ ನವೆಂಬರ್ ೨೫ರಂದು ಅಂಬೇಡ್ಕರರು ಎದ್ದುನಿಂತು, ತಮಗೆ ಸಲ್ಲಿಸುತ್ತಿರುವ ಶ್ರೇಯಸ್ಸು ನಿಜವಾಗಿ ತಮ್ಮೊಬ್ಬರದಲ್ಲವೆಂದರು. ಮೊದಲ ಕರಡನ್ನು ಸಿದ್ಧಪಡಿಸಿದ ಸಂವಿಧಾನ ಸಲಹೆಗಾರ ಬೆನಗಲ್ ನರಸಿಂಗರಾಯರನ್ನೂ, ಮುಖ್ಯ ಕರಡುಗಾರ ಎಸ್. ಎನ್. ಮುಖರ್ಜಿಯವರನ್ನೂ, ಅವರ ಕೈಕೆಳಗೆ ರಾತ್ರಿಯ ಹೊತ್ತು ಮೀರಿ ದುಡಿದ ಸಿಬ್ಬಂದಿಯನ್ನೂ ನೆನೆದರು. ನರಸಿಂಗರಾಯರು ನಮ್ಮ ದಕ್ಷಿಣ ಕನ್ನಡದ ಮನೆತನದವರು, ಮಂಗಳೂರಿನ ಶಾಲೆಯಲ್ಲಿ ಓದಿದವರು. ಸಭೆಯಲ್ಲಿ ತಮ್ಮನ್ನು ಪದೇಪದೇ ವಿರೋಧಿಸಿದ ಎಚ್. ವಿ. ಕಾಮತರಂಥವರಿಗೂ ಅಂಬೇಡ್ಕರರು ಕೃತಜ್ಞತೆ ಹೇಳಿದರು. ಅವರ ಪ್ರಶ್ನೆಗಳಿಂದಲೇ ತತ್ತ್ವಗಳನ್ನು ವಿವರಿಸುವ ಅವಕಾಶವಾಯಿತೆಂದರು. ಬಾಳಿನುದ್ದಕ್ಕೂ ಅಪಮಾನವನ್ನು ಉಂಡವರು, ಸನ್ಮಾನ ಬಂದ ಗಳಿಗೆಯಲ್ಲಿ ಅದನ್ನು ಹಂಚಿದರು.

ನಮಗೆ ಇನ್ನೂ ಸಮೀಪದ ನಿದರ್ಶನ ಬೆಂಗಳೂರಿನಲ್ಲೇ ಕೇಂದ್ರ ಕಚೇರಿಯಿರುವ ಬಾಹ್ಯಾಕಾಶ ಸಂಸ್ಥೆಯದು. ೧೯೭೯ರ ಆಗಸ್ಟ್ ೧೦ರಂದು ಶ್ರೀಹರಿಕೋಟೆಯಿಂದ ಹಾರಿದ ಎಸ್‌ಎಲ್‌ವಿ-೩ ರಾಕೆಟು ವಿಫಲವಾಗಿ ಬಂಗಾಳ ಕೊಲ್ಲಿಗೆ ಬಿತ್ತು. ಯೋಜನೆಯ ನಿರ್ದೇಶಕರು ಅಬ್ದುಲ್ ಕಲಾಂ. ಆದರೆ ಪತ್ರಕರ್ತರನ್ನು ಎದುರಿಸಿದವರು ಸಂಸ್ಥೆಯ ಅಧ್ಯಕ್ಷ ಪ್ರೊ. ಸತೀಶ್ ಧವನ್, ವೈಫಲ್ಯವನ್ನು ತಾವೇ ಒಪ್ಪಿಕೊಂಡು, ತಮ್ಮ ತಂಡದ ಮೇಲೆ ತಮಗೆ ಪೂರ್ಣ ವಿಶ್ವಾಸವಿದೆಯೆಂದರು. ೧೯೮೦ರ ಜುಲೈ ೧೮ರಂದು ಪ್ರಯೋಗ ಯಶಸ್ವಿಯಾದಾಗ ಅದೇ ಧವನರು, ಇಂದು ನೀವು ಮಾತನಾಡಿರೆಂದು ಕಲಾಂ ಅವರನ್ನು ಮುಂದೆ ಮಾಡಿದರು. ಕಲಾಂ ಅವರು ಮುಂದೆ ರಾಷ್ಟ್ರಪತಿಗಳಾದ ಮೇಲೂ ಈ ಸಂಗತಿಯನ್ನು ಮತ್ತೆ ಮತ್ತೆ ಹೇಳುತ್ತಿದ್ದರು. ನಾಯಕತ್ವವನ್ನು ಕುರಿತು ತಾವು ಕಲಿತ ಅತಿ ದೊಡ್ಡ ಪಾಠ ಯಾವ ಗ್ರಂಥದಿಂದಲೂ ಬಂದದ್ದಲ್ಲವೆನ್ನುತ್ತಿದ್ದರು.

ನಾವು ದಿನವೂ ಹೇಳುವ ಮಾತು

ಇಷ್ಟನ್ನು ಕಂಡ ಮೇಲೆ, ಈ ಪಾಠಕ್ಕಾಗಿ ನಾವು ಬಹಳ ದೂರ ಹೋಗಬೇಕಾಗಿಯೇ ಇರಲಿಲ್ಲವೆಂದು ತೋರುತ್ತದೆ. ಪ್ರತಿದಿನ ಪೂಜೆಯ ಕೊನೆಯಲ್ಲಿ ನಾವು ಎರಡು ಮಾತುಗಳನ್ನು ಹೇಳುತ್ತೇವೆ. ಮಂತ್ರದಲ್ಲಿ, ಕ್ರಿಯೆಯಲ್ಲಿ, ಭಕ್ತಿಯಲ್ಲಿ ಆದ ಲೋಪಗಳನ್ನು ಕ್ಷಮಿಸೆಂದು ಬೇಡುತ್ತೇವೆ. ಮಾಡಿದ ಕರ್ಮದ ಫಲವನ್ನು ಕೃಷ್ಣನಿಗೆ ಅರ್ಪಿಸುತ್ತೇವೆ. ಲೋಪ ನನ್ನದು, ಫಲ ನನ್ನದಲ್ಲ. ಶಾಸ್ತ್ರಿಯವರು ರೈಲ್ವೆ ಇಲಾಖೆಯಲ್ಲಿ, ಅಂಬೇಡ್ಕರರು ಸಂವಿಧಾನ ಸಭೆಯಲ್ಲಿ ನಡೆದುಕೊಂಡದ್ದು ಈ ಎರಡು ಮಾತುಗಳ ಅರ್ಥದಂತೆಯೇ ಅಲ್ಲವೆ? ನಾವಾದರೋ ದೇವರ ಮುಂದೆ ಅದನ್ನು ಬಾಯಿಪಾಠವಾಗಿ ಹೇಳಿ, ದೇವರ ಮನೆಯ ಹೊಸ್ತಿಲು ದಾಟುತ್ತಲೇ ತಿರುಗಿಸಿಬಿಡುತ್ತೇವೆ. ಲೋಪ ಸೊಸೆಯದು, ಮಗನದು, ಕೆಲಸದವಳದು. ಫಲ ಮಾತ್ರ ನಮ್ಮದು.

ಹೊಸ್ತಿಲಿನ ಈಚೆಗೂ ಆ ಮಾತನ್ನು ತರಲು ದೊಡ್ಡ ಪ್ರಯತ್ನವೇನೂ ಬೇಕಾಗಿಲ್ಲ. ಹಬ್ಬದ ದಿನ ಪಾಯಸ ತಳಹಿಡಿದರೆ, ಹಿರಿಯ ಗೃಹಿಣಿ ಅತಿಥಿಗಳ ಮುಂದೆ “ಇಂದು ನಮ್ಮ ಕೈ ತಪ್ಪಿತು” ಎಂದರೆ ಸಾಕು. ಸೊಸೆಗೆ ಕಲಿಸಬೇಕಾದದ್ದನ್ನು ಆಮೇಲೆ ಒಳಗೆ ಕಲಿಸಬಹುದು. ಊಟ ಚೆನ್ನಾಗಿದ್ದರೆ “ಎಲ್ಲ ಅವಳದೇ ಓಡಾಟ” ಎಂದು ಹೇಳಬಹುದು. ಕಚೇರಿಯ ಲೆಕ್ಕದಲ್ಲಿ ತಪ್ಪು ಬಂದರೆ ಮೇಲಿನವರ ಮುಂದೆ ಗುಮಾಸ್ತನ ಹೆಸರು ಹೇಳುವ ಮೊದಲು, ‘ರುಜು ಹಾಕಿದವನು ನಾನು’ ಎಂದು ಒಪ್ಪಬಹುದು. ಮಕ್ಕಳು ಇದನ್ನೆಲ್ಲ ನೋಡುತ್ತಿರುತ್ತಾರೆ. ತಪ್ಪೊಪ್ಪಿಕೊಂಡ ತಂದೆಯನ್ನು ಕಂಡ ಮಗು, ತಪ್ಪೊಪ್ಪಿಕೊಳ್ಳುವುದರಿಂದ ಮನುಷ್ಯ ಸಣ್ಣವನಾಗುವುದಿಲ್ಲವೆಂಬುದನ್ನು ಉಪದೇಶವಿಲ್ಲದೆ ಕಲಿಯುತ್ತದೆ.

ಕೊನೆಯದಾಗಿ ನನ್ನ ಮಾತು. ಆ ಆರಾಧನೆಯ ಸಂಜೆ ನಾನು ಧರ್ಮದರ್ಶಿಗಳ ಬಳಿ ಹೋಗಿ ನಿಜವನ್ನು ಹೇಳಿದೆ. ಅವರು, “ನನಗೆ ಹೇಳಿದೆ, ಸರಿ. ಭಟ್ಟರಿಗೆ ಹೇಳಿದೆಯಾ?” ಎಂದಷ್ಟೇ ಕೇಳಿದರು. ನಾಳೆ ಹೇಳಿದರಾಯಿತೆಂದುಕೊಂಡೆ. ನಾಚಿಕೆ ಅಡ್ಡ ಬಂತು; ನಾಳೆಯ ಮೇಲೆ ನಾಳೆ ಕಳೆಯಿತು. ಮರುವರ್ಷದ ಆರಾಧನೆಗೆ ಭಟ್ಟರು ಬರಲಿಲ್ಲ. ಮಗನ ಊರಿಗೆ ಹೋದರೆಂದು ತಿಳಿಯಿತು. ಅಲ್ಲಿಯೇ ತೀರಿಕೊಂಡರೆಂಬ ಸುದ್ದಿ ಕೆಲವು ಕಾಲದ ಮೇಲೆ ಬಂತು. ಅವರ ಅಳತೆ ಎಂದೂ ತಪ್ಪಿರಲಿಲ್ಲ. ಆ ಪಂಕ್ತಿಯಲ್ಲಿ ಕುಳಿತವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ, ಎಣಿಕೆ ತಪ್ಪಿದವನು ನಾನೆಂದು ತಿಳಿಯಲಿ. ವಾಚಕರು ನನ್ನಂತೆ ಕಾಯದೆ, ಹೇಳಬೇಕಾದವರು ಕಣ್ಣೆದುರಿಗಿರುವಾಗಲೇ ಹೇಳಿಬಿಡಲೆಂದು ಪ್ರಾರ್ಥನೆ.

ಶ್ರೀಹರಿವಾಯುಗುರುಗಳು ನಮ್ಮೆಲ್ಲರಿಗೂ ಆ ಧೈರ್ಯವನ್ನು ಅನುಗ್ರಹಿಸಲಿ.

ಶ್ರೀಕೃಷ್ಣಾರ್ಪಣಮಸ್ತು